ಸುದ್ದಿಗೊಂದು ಊರಿನ ಹೆಸರು

ಬೆಳಗಾವಿಯ ಪತ್ರಕರ್ತರು ಕಾಂತಾಳಿಗೆ ಒಂದು ಅಡ್ಡಹೆಸರು ಇಟ್ಟಿದ್ದರು: ಪೆಟ್ಟಿಗಿ ಕಾಂತಾ. ಎದುರಿಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ, ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದರು. ಗಡಿಯಲ್ಲಿ ಈ ಭಾಗದ ಸೈನಿಕನೊಬ್ಬ ಸತ್ತು, ಅವನ ಶವದ ಪೆಟ್ಟಿಗೆ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಬಂದಿಳಿದರೆ ಅವಳ ಪತ್ರಿಕೆಯವರು ಅವಳನ್ನೇ ಕಳಿಸುತ್ತಿದ್ದರು. ಇಪ್ಪತ್ತೊಂದು ವರ್ಷ ಅದೇ ಕೆಲಸ. ತಾಯಿ ಹೇಗೆ ಅತ್ತಳು, ಹೆಂಡತಿ ಹೇಗೆ ಎಚ್ಚರ ತಪ್ಪಿ ಬಿದ್ದಳು, ಮಗು ಹೇಗೆ ಏನೂ ತಿಳಿಯದೆ ಪೊಲೀಸರ ಟೋಪಿ ನೋಡುತ್ತ ನಿಂತಿತ್ತು, ಇದೆಲ್ಲ ಅವಳ ಪಾಲಿನ ಸುದ್ದಿ. ಯುದ್ಧದ ಸುದ್ದಿ ಗಂಡಸರಿಗೆ, ಅಳುವ ಸುದ್ದಿ ಹೆಂಗಸರಿಗೆ ಎಂದು ಆ ಕಚೇರಿಯಲ್ಲಿ ಯಾವ ಪುಣ್ಯಾತ್ಮ ಪಾಲು ಮಾಡಿಟ್ಟಿದ್ದನೋ ಏನೋ.

ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ಮಿಲಿಟರಿಗೆ ಮಗನನ್ನು ಕೊಡದ ಓಣಿ ಕಡಿಮೆ. ಆ ಓಣಿಗಳಲ್ಲಿ ಕಾಂತಾಳ ಸ್ಕೂಟರ್ ಕಂಡರೆ ಸಾಕು, ಕಟ್ಟೆಯ ಮೇಲೆ ಕುಳಿತ ಹೆಂಗಸರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಮ್ಮೆ ಬರೀ ರಸ್ತೆ ಕೆಟ್ಟ ಸುದ್ದಿ ಬರೆಯಲು ಹೋದಾಗಲೂ ಒಬ್ಬ ಮುದುಕಿ ಅವಳನ್ನು ನೋಡಿ ಎದೆ ಹಿಡಿದುಕೊಂಡು ಕುಸಿದಿದ್ದಳು. ‘ರಸ್ತೇದ ಸಲುವಾಗಿ ಬಂದೇನಿ ಅಜ್ಜಿ, ರಸ್ತೇದ ಸಲುವಾಗಿ,’ ಎಂದು ಕಾಂತಾ ಅವಳ ಕೈ ಹಿಡಿದು ಹತ್ತು ಸಲ ಹೇಳಬೇಕಾಯಿತು. ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ.

ಅವಳು ಹುಟ್ಟಿ ಬೆಳೆದದ್ದು ವಡಗಾವಿಯಲ್ಲಿ, ನೇಕಾರರ ಓಣಿಯಲ್ಲಿ. ಮಗ್ಗಗಳ ಖಟಖಟ ಸದ್ದನ್ನು ಮೀರಿ ಮಾತಾಡಿ ರೂಢಿಯಾದವಳು, ಹಾಗಾಗಿ ಅವಳ ದನಿ ಯಾವಾಗಲೂ ಒಂದು ಕೈ ಮೇಲೆ. ಅಪ್ಪ ಸೀರೆ ನೇಯುತ್ತಿದ್ದ. ಮಗಳು ಬಿ.ಎ. ಮುಗಿಸಿ ಪತ್ರಿಕೆ ಸೇರುತ್ತೇನೆ ಎಂದಾಗ, ‘ಪೇಪರ ಓದೂದು ಬಿಟ್ಟು ಬರಿಯೂದ್ಯಾಕವಾ,’ ಎಂದನೇ ಹೊರತು ಬೇಡ ಎನ್ನಲಿಲ್ಲ. ನೋಡಲು ಬಂದ ಗಂಡುಗಳಿಗೆ ಅವಳು ಮೊದಲ ಭೇಟಿಯಲ್ಲೇ, ಯುದ್ಧ ಶುರುವಾದರೆ ನಾನು ಹೋಗುವವಳು ಎಂದು ಹೇಳಿಬಿಡುತ್ತಿದ್ದಳು. ಅವರು ಚಹಾ ಕುಡಿದು ಎದ್ದು ಹೋಗುತ್ತಿದ್ದರು.

ಈ ಹುಚ್ಚು ಹಿಡಿದದ್ದು ಕಾಲೇಜಿನಲ್ಲಿ. ಯುದ್ಧಭೂಮಿಗೆ ಹೋಗಿ ಸುದ್ದಿ ಬರೆದ ಹೆಂಗಸರ ಬಗ್ಗೆ ಗ್ರಂಥಾಲಯದ ಹಳೆಯ ವಾರಪತ್ರಿಕೆಯೊಂದರಲ್ಲಿ ಲೇಖನ ಓದಿದ್ದಳು. ಅವತ್ತೇ ಇನ್ನೂರು ಪುಟದ ವಹಿ ಕೊಂಡು ತಂದು, ಎಲ್ಲೆಲ್ಲಿ ಏನೇನು ಸಿಕ್ಕಿತೋ ಅದನ್ನೆಲ್ಲ ಬರೆದಿಡತೊಡಗಿದಳು. ನೂರು ವರ್ಷದ ಹಿಂದೆ ಗಂಡಸಿನ ವೇಷ ತೊಟ್ಟು ಸೈನಿಕರ ಕಂದಕ ಹೊಕ್ಕ ಹುಡುಗಿ. ಗಡಿ ರಸ್ತೆಯ ಪರದೆ ಗಾಳಿಗೆ ಹಾರಿದಾಗ ಆಚೆ ನಿಂತ ಟ್ಯಾಂಕುಗಳ ಸಾಲು ಕಂಡು, ಯುದ್ಧದ ಸುಳಿವನ್ನು ಜಗತ್ತಿಗೆ ಮೊದಲು ಕೊಟ್ಟವಳು. ಅನುಮತಿ ಕೊಡದಿದ್ದರೂ ಆಸ್ಪತ್ರೆ ಹಡಗಿನ ಸಂಡಾಸಿನೊಳಗೆ ಅಡಗಿ ಕುಳಿತು ಯುದ್ಧದ ದಂಡೆಗೆ ಇಳಿದವಳು. ಎಲ್ಲರೂ ಪರದೇಶದವರೇ, ಆದರೆ ಕಾಂತಾ ಅವರನ್ನು ತನ್ನ ಚಿಗವ್ವ ದೊಡ್ಡವ್ವಂದಿರಂತೆ ಏಕವಚನದಲ್ಲೇ ಕರೆಯುತ್ತಿದ್ದಳು.

ಪ್ರತಿ ಸುದ್ದಿಯ ತಲೆಗೆ ಒಂದು ಊರಿನ ಹೆಸರು ಇರುತ್ತದೆ, ನೀವು ನೋಡಿಯೇ ಇರುತ್ತೀರಿ. ಅದಕ್ಕೆ ಕಚೇರಿಯಲ್ಲಿ ಡೇಟ್‌ಲೈನ್ ಎನ್ನುತ್ತಾರೆ. ಓದುವವರು ಅದನ್ನು ದಾಟಿಕೊಂಡು ಮುಂದೆ ಹೋಗುತ್ತಾರೆ, ಬರೆಯುವವರಿಗೆ ಮಾತ್ರ ಅದು ಮಾನದ ಪ್ರಶ್ನೆ. ಬರೆದವರು ಅಲ್ಲಿದ್ದರು ಎಂಬುದಕ್ಕೆ ಅದೇ ಸಾಕ್ಷಿ. ಇಪ್ಪತ್ತೊಂದು ವರ್ಷ ಕಾಂತಾಳ ಸುದ್ದಿಯ ತಲೆಗೆ ‘ಬೆಳಗಾವಿ’ ಇಲ್ಲವೇ ‘ಖಾನಾಪುರ’ ಇರುತ್ತಿತ್ತು. ಒಮ್ಮೆ, ಒಂದೇ ಒಂದು ಸಲ, ಗಡಿಯ ಊರಿನ ಹೆಸರಿನ ಕೆಳಗೆ ತನ್ನ ಸುದ್ದಿ ಬರಬೇಕು ಎಂಬುದು ಅವಳ ಆಸೆ. ಬೇರೆ ಯಾವ ಆಸೆಯನ್ನೂ ಅವಳು ಇಟ್ಟುಕೊಂಡವಳಲ್ಲ.

ಆಕಾಶ ಅವಳಿಗೆ ಪರಿಚಯವಾದದ್ದು ಮೂರು ವರ್ಷದ ಹಿಂದೆ, ಇನ್ನೊಬ್ಬನ ಪೆಟ್ಟಿಗೆಯ ಜೊತೆಗೆ. ಸತ್ತ ಗೆಳೆಯನ ಶವವನ್ನು ಊರಿಗೆ ಮುಟ್ಟಿಸಲು ಬಂದ ಸೈನಿಕ ಅವನು, ಖಾನಾಪುರದವನೇ, ಇಪ್ಪತ್ತಾರು ವರ್ಷ. ಮಣ್ಣು ಕೊಟ್ಟು ಮುಗಿದ ಮೇಲೆ ಸೀದಾ ಅವಳ ಹತ್ತಿರ ಬಂದಿದ್ದ.

‘ಅಕ್ಕಾರ, ನೀವು ಬರೇ ಅಳೂದ ಬರೀತೀರಿ. ಅಂವ ಎಷ್ಟು ನಗಸ್ತಿದ್ದ ಅನ್ನೂದು ಯಾರ ಬರಿಯೂದ್ರಿ?’

ಹದಿನೆಂಟು ವರ್ಷದಲ್ಲಿ ಅವಳ ಬರಹದ ಬಗ್ಗೆ ಯಾರಾದರೂ ಹೇಳಿದ ಮೊದಲ ಸತ್ಯದ ಮಾತು ಅದು. ಅವಳು ಅಲ್ಲೇ ಕುಳಿತು ಬರೆದುಕೊಂಡಳು. ಆಕಾಶ ಅವಳನ್ನು ಮನೆಗೆ ಕರೆದುಕೊಂಡು ಹೋಗಿ, ‘ನಮ್ಮವ್ವ,’ ಎಂದು ಬಸವಣ್ಣೆವ್ವನನ್ನು ತೋರಿಸಿದ. ಗಂಡ ತೀರಿಕೊಂಡ ಮೇಲೆ ಬಸವಣ್ಣೆವ್ವ ಬಸ್‌ ಸ್ಟ್ಯಾಂಡಿನ ಹತ್ತಿರದ ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಮಗನನ್ನು ಬೆಳೆಸಿದವಳು. ಓದು ಬಾರದು. ಬಾಗಿಲಲ್ಲಿ ಪೆಟ್ಟಿಗಿ ಕಾಂತಾ ನಿಂತದ್ದು ನೋಡಿ ಬಾಜು ಮನೆಯ ಮಾಯಾ ಬಾಗಿಲು ಹಾಕಿಕೊಂಡರೆ, ಬಸವಣ್ಣೆವ್ವ ಮಾತ್ರ, ‘ಒಳಗ ಬಾರವಾ, ಬಿಸಿ ರೊಟ್ಟಿ ಐತಿ, ಕುಂದರು,’ ಎಂದಳು. ಅವತ್ತಿನಿಂದ ಖಾನಾಪುರಕ್ಕೆ ಯಾವ ಕೆಲಸಕ್ಕೆ ಹೋದರೂ ಕಾಂತಾಳ ಊಟ ಆ ಮನೆಯಲ್ಲೇ. ಇಡೀ ತಾಲೂಕಿನಲ್ಲಿ ಅವಳನ್ನು ಕಂಡು ಹೆದರದ ಫೌಜಿಯ ತಾಯಿ ಅವಳೊಬ್ಬಳೇ.

ಹೋದ ಬೇಸಿಗೆಯಲ್ಲಿ ಗಡಿಯಲ್ಲಿ ಗುಂಡಿನ ಕಾಳಗ ಶುರುವಾಯಿತು. ಮೊದಲ ದಿನವೇ ಕಾಂತಾ ಸಂಪಾದಕ ಶಶಿಧರನ ಮುಂದೆ ಹೋಗಿ ನಿಂತಳು.

‘ನನ್ನ ಕಳಸ್ರಿ.’

‘ಅಲ್ರೀ ಮೇಡಂ, ಅಲ್ಲಿ ಹೆಣ್ಣಮಕ್ಕಳಿಗೆ ಸಂಡಾಸದ ವ್ಯವಸ್ಥಾನೂ ಇರೂದಿಲ್ಲ.’

‘ಸಂಡಾಸಿನ್ಯಾಗ ಅಡಗಿ ಕುಂತು ಯುದ್ಧಕ್ಕ ಹೋದಾಕಿ ಒಬ್ಬಾಕಿ ಅದಾಳ್ರಿ ನನ್ನ ವಹಿಯೊಳಗ.’

ಶಶಿಧರ ನಕ್ಕ. ಕೆಟ್ಟವನಲ್ಲ, ಆದರೆ ನಕ್ಕು ಮಾತು ಮುಗಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ನಾಲ್ಕು ವರ್ಷದ ಅನುಭವದ ಚೇತನನನ್ನು ಕಳಿಸಿದರು. ಅವನು ದೆಹಲಿ ಮುಟ್ಟುವಷ್ಟರಲ್ಲಿ ಮುಂದಿನ ವಿಮಾನಗಳೆಲ್ಲ ರದ್ದಾಗಿ, ಲಾಡ್ಜಿನಲ್ಲಿ ಕುಳಿತು ಟಿ.ವಿ. ನೋಡಿ ‘ನವದೆಹಲಿ’ ಎಂದು ಸುದ್ದಿ ಕಳಿಸತೊಡಗಿದ. ಕಾಂತಾಳಿಗೆ ಹೊಟ್ಟೆ ಉರಿದುಹೋಯಿತು. ಅವಳ ಮೊಬೈಲಿಗೆ ದಿನವೂ ಖುದ್ದು ಯುದ್ಧವೇ ಬಂದು ಮಾತಾಡುತ್ತಿತ್ತಲ್ಲ!

ಆಕಾಶ ಇದ್ದದ್ದು ಸರಿಯಾಗಿ ಗಡಿಯ ಮೇಲೆಯೇ. ಅಲ್ಲಿ ಫೋನಿಗೆ ರೇಂಜ್ ಸಿಗುವುದು ಒಂದೇ ಒಂದು ಅಕ್ರೋಡ ಗಿಡದ ಬುಡದಲ್ಲಿ, ಬಂಕರಿನಿಂದ ಐವತ್ತು ಹೆಜ್ಜೆ ಆಚೆ. ದಿನಾ ಮುಂಜಾನೆ, ಗುಂಡಿನ ಸದ್ದು ಕಡಿಮೆಯಾದಾಗ, ಸರದಿಯ ಮೇಲೆ ಹೋಗಿ ಹುಡುಗರು ಮನೆಗೆ ಫೋನ್ ಮಾಡಿ ಬರುತ್ತಿದ್ದರು. ಆಕಾಶ ಮೊದಲು ಅವ್ವನಿಗೆ ಫೋನ್ ಮಾಡಿ, ಆಮೇಲೆ ಕಾಂತಾಳಿಗೆ ಧ್ವನಿ ಸಂದೇಶ ಕಳಿಸುತ್ತಿದ್ದ. ಗುಟ್ಟಿನ ಸಂಗತಿ ಒಂದೂ ಇರುತ್ತಿರಲಿಲ್ಲ. ಸದ್ದು ಕೇಳಿದ ಕೂಡಲೇ ಠಾಣ್ಯದ ನಾಯಿ ಎಲ್ಲರಿಗಿಂತ ಮೊದಲು ಬಂಕರು ಸೇರುತ್ತದೆ ಎಂಬುದು. ಎರಡು ದಿನ ಒಲೆ ಹಚ್ಚದೆ ಒಣ ಅವಲಕ್ಕಿ ತಿಂದದ್ದು. ಪಂಜಾಬದ ಹುಡುಗನೊಬ್ಬ ನಿದ್ದೆಯಲ್ಲಿ ತನ್ನ ಎಮ್ಮೆಯ ಹೆಸರು ಹಿಡಿದು ಕರೆದದ್ದು. ಕಾಂತಾ ಅದನ್ನೆಲ್ಲ ಸೇರಿಸಿ ಒಂದು ಬರಹ ಮಾಡಿದಳು. ಜೀವಮಾನದಲ್ಲಿ ಅವಳು ಬರೆದ ಅತ್ಯುತ್ತಮ ಬರಹ ಅದು. ಅದರಲ್ಲಿ ಅಳು ಒಂದು ಹನಿಯೂ ಇರಲಿಲ್ಲ.

ಶಶಿಧರ ಎರಡು ಸಲ ಓದಿದ. ಈ ಸಲ ನಗಲಿಲ್ಲ.

‘ಭಾರಿ ಬರದೀರಿ. ಆದ್ರ ಇದರ ತಲಿಮ್ಯಾಲ ಬೆಳಗಾವಿ ಅಂತ ಹಾಕಿದ್ರ ಮಂದಿ ನಗತಾರ. ಅಲ್ಲಿ ಊರಿನ ಹೆಸರು ತರ್ರಿ. ಮುಖಪುಟದಾಗ ನಿಮ್ಮ ಹೆಸರಿನ್ಯಾಗ ಹಾಕ್ತೇನಿ.’

‘ನಾ ಅಲ್ಲಿ ಇಲ್ಲಲ್ರೀ.’

‘ಸುದ್ದಿ ಅಲ್ಲೀದೈತಲ್ಲ.’

ಅವಳು ಅಲ್ಲೇ ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಇಪ್ಪತ್ತೊಂದು ವರ್ಷ ಬಾಗಿಲ ಹೊರಗೆ ನಿಂತವಳಿಗೆ ಬಾಗಿಲು ಒಂದು ಬೆರಳಿನಷ್ಟು ತೆರೆದರೆ ಅದರಲ್ಲಿ ಕೈ ತೂರದೆ ಇರಲು ಆಗುತ್ತದೆಯೇ? ಆಗಬೇಕಿತ್ತು, ಅದು ಬೇರೆ ಮಾತು.

ಆಕಾಶನಿಗೆ ಊರಿನ ಹೆಸರು ಕೇಳಿ ಬರೆದಳು. ಮರುದಿನ ಅವನ ಉತ್ತರ ಬಂತು. ‘ಅಕ್ಕಾರ, ಅದೊಂದು ಕೇಳಬ್ಯಾಡ್ರಿ. ನಾವ ಎಲ್ಲಿ ಅದೀವಿ ಅನ್ನೂದು ಹೇಳೂ ಹಂಗಿಲ್ಲ.’ ಅದು ಇಲ್ಲದಿದ್ದರೆ ಬರಹವೆಲ್ಲ ಕಸದ ಬುಟ್ಟಿಗೆ ಹೋಗುತ್ತದೆ ಎಂದು ಅವಳು ಮತ್ತೆ ಬರೆದಳು. ಅವನು ಸುಮ್ಮನಿದ್ದ. ಆ ಮಧ್ಯಾಹ್ನ ಖಾನಾಪುರದಲ್ಲಿ ತಹಶೀಲ್ದಾರರ ಸಭೆ ಇತ್ತು. ಮುಗಿಸಿ ಬಸವಣ್ಣೆವ್ವನ ಮನೆಗೆ ಹೋಗಿ ಎರಡು ರೊಟ್ಟಿ ತಿಂದು, ‘ಮುಂಜಾನಿ ಫೋನ್ ಬಂದಿತ್ತವಾ, ಅರಾಮ ಅದಾನ,’ ಎಂಬ ಮಾತು ಕೇಳಿ ವಾಪಸು ಬಂದಳು. ಸ್ಕೂಟರಿನ ಮೇಲೆ ದಾರಿಯುದ್ದಕ್ಕೂ ಅವಳ ತಲೆಯಲ್ಲಿದ್ದದ್ದು ಒಂದೇ, ಆ ಹೆಸರು. ಮನೆಗೆ ಬಂದು ಮೂರನೇ ಸಲ ಬರೆದಳು: ‘ಇಪ್ಪತ್ತೊಂದು ವರ್ಷ ಕಾದೇನಿ ತಮ್ಮಾ. ಇನ್ನ ಯಾವತ್ತೂ ಇಂಥಾ ಸಂಧಿ ಬರೂದಿಲ್ಲ. ನಾಳೆ ಸಂಜಿ ಐದರೊಳಗ ಕಳಸು, ಏಳಕ್ಕ ಪುಟ ಹೋಗತೈತಿ. ಇಷ್ಟ ಮಾಡು ನಿಮ್ಮ ಅಕ್ಕನ ಸಲುವಾಗಿ.’

ಮರುದಿನ ಮುಂಜಾನೆ ಗಿಡದ ಬುಡಕ್ಕೆ ಬಂದ ಆಕಾಶ ಅದನ್ನು ಓದಿದ್ದ. ಓದಿದ ಗುರುತು ಮೊಬೈಲಿನಲ್ಲಿ ಕಂಡಿತು, ಉತ್ತರ ಬರಲಿಲ್ಲ. ಕಾಂತಾ ಕಚೇರಿಯಲ್ಲಿ ಕುಳಿತು ದಿನವಿಡೀ ಫೋನು ನೋಡಿದಳು. ಐದು ಗಂಟೆ ಹತ್ತು ನಿಮಿಷಕ್ಕೆ ಒಂದು ಧ್ವನಿ ಸಂದೇಶ ಬಂತು. ಓಡೋಡಿ ಮೆಟ್ಟಿಲ ಹತ್ತಿರ ಹೋಗಿ ಕೇಳಿದಳು. ಉಸಿರು ಬಿಡುತ್ತ, ನಗುತ್ತ ಮಾತಾಡಿದ್ದ.

‘ಅಕ್ಕಾರ, ನೀವು ಬಿಡೂ ಪೈಕಿ ಅಲ್ಲ ನೋಡ್ರಿ. ಒಳಗ ಮಂದಿ ಇತ್ತು, ಬರಿಯಾಕ ಆಗಲಿಲ್ಲ. ಬಾಯಿಲೆ ಹೇಳಿದ್ರ ಯಾರರ ಕೇಳ್ಯಾರು. ಈಗ ಗಿಡದ ಕಡಿ ಹೊಂಟೇನಿ. ಮುಟ್ಟಿದ ಮ್ಯಾಲ ಹೆಸರು ಬರದು ಕಳಸ್ತೇನಿ. ಎರಡ ನಿಮಿಷ ತಡೀರಿ.’

ಅವಳು ಎರಡು ನಿಮಿಷ ತಡೆದಳು. ಹತ್ತು ನಿಮಿಷ ತಡೆದಳು. ಸಂದೇಶ ಬಂದಿದೆ ಎಂದರೆ ಅವನು ಗಿಡ ಮುಟ್ಟಿದ್ದಾನೆ, ಮತ್ತೇನು ಅಡ್ಡಿ? ಏಳರವರೆಗೆ ಕಾದು, ಪುಟ ಹೋಗುವ ಹೊತ್ತಾಯಿತು ಎಂದು ಶಶಿಧರ ಬೇರೆ ಸುದ್ದಿ ಹಾಕಿದ ಮೇಲೆ ಕಾಂತಾಳಿಗೆ ಸಿಟ್ಟು ನೆತ್ತಿಗೇರಿತು. ‘ಮಾತು ಕೊಟ್ಟು ಕೈ ಕೊಟ್ಟೆಲ್ಲೋ. ಇಷ್ಟ ಸಣ್ಣ ಕೆಲಸ ಆಗಲಿಲ್ಲ ನಿನ್ನ ಕಡಿಂದ,’ ಎಂದು ಬರೆದು ಕಳಿಸಿ, ಫೋನ್ ಚೀಲದೊಳಗೆ ಒಗೆದು ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಎಂಟಕ್ಕೆ ಶಶಿಧರನ ಫೋನ್. ‘ಮೇಡಂ, ಖಾನಾಪುರದ ಹುಡುಗ ಒಬ್ಬ ಹೋಗ್ಯಾನ. ಫೋಟೋ ಬೇಕು. ಹೆಸರು ಆಕಾಶ ಅಂತ.’

ಇಷ್ಟು ವರ್ಷ ಆ ವಾಕ್ಯವನ್ನು ಅವಳು ಎಷ್ಟು ಸಲ ಕೇಳಿಲ್ಲ! ಹೆಸರು ಮಾತ್ರ ಬದಲಾಗುತ್ತಿತ್ತು. ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಆದರೂ ಹೋದಳು. ಹೋಗದೆ ಇನ್ನೇನು ಮಾಡಬೇಕು? ದೇಸೂರು ದಾಟಿದ್ದು, ಗಣೇಬೈಲ ಟೋಲು ದಾಟಿದ್ದು ಒಂದೂ ಅವಳಿಗೆ ನೆನಪಿಲ್ಲ. ಬಸವಣ್ಣೆವ್ವನ ಮನೆ ಮುಂದೆ ಮಿಲಿಟರಿ ಜೀಪು ಆಗಲೇ ನಿಂತಿತ್ತು. ಸ್ಕೂಟರ್ ನೋಡಿದ ಮಾಯಾ, ‘ಆಲೀ ಬಘ ತೀ,’ ಎಂದು ಮರಾಠಿಯಲ್ಲಿ ಪಕ್ಕದವಳಿಗೆ ಹೇಳಿದಳು. ಬಂದಳು ನೋಡು, ಅವಳು. ಒಳಗೆ ಬಸವಣ್ಣೆವ್ವ ಅಧಿಕಾರಿಗಳನ್ನು ದಾಟಿಕೊಂಡು ಬಂದು ಕಾಂತಾಳ ಕೊರಳು ತಬ್ಬಿದಳು. ‘ನೀ ಬಂದೆವಾ. ಛಲೋ ಆತು. ನನ್ನ ಹತ್ರ ಯಾರೂ ಇಲ್ಲ,’ ಎಂದಳು. ಕಾಂತಾ ಅವಳನ್ನು ಹಿಡಿದು ಗೋಡೆಗೆ ಒರಗಿಸಿ ಕೂರಿಸಿದಳು.

ಸೇನೆಯ ಪ್ರಕಟಣೆ ಮಧ್ಯಾಹ್ನ ಬಂತು. ಯಾವ ಊರಿನ ಹತ್ತಿರ, ಎಷ್ಟು ಗಂಟೆಗೆ ಎಂಬುದೆಲ್ಲ ಅದರಲ್ಲಿತ್ತು. ಸಂಜೆ ಐದು ಗಂಟೆ ಹನ್ನೊಂದು ನಿಮಿಷ, ಬಂಕರಿನ ಹೊರಗೆ, ಶೆಲ್ ಬಿದ್ದು. ಕಾಂತಾ ಅದನ್ನು ಓದಿ ತನ್ನ ಮೊಬೈಲ್ ತೆರೆದು ಸಂದೇಶದ ಹೊತ್ತನ್ನು ನೋಡಿದಳು. ಐದು ಹತ್ತು. ಅದರ ಕೆಳಗೆ ಅವಳೇ ಬೈದು ಬರೆದದ್ದು ಇತ್ತು, ಅದನ್ನು ಯಾರೂ ಓದಿರಲಿಲ್ಲ.

ವಹಿಯಲ್ಲಿದ್ದ ಆ ಹೆಂಗಸರು ಹಡಗಿನಲ್ಲಿ ಅಡಗಿದ್ದರು, ಕೂದಲು ಕತ್ತರಿಸಿಕೊಂಡಿದ್ದರು, ಸುಳ್ಳು ಹೇಳಿದ್ದರು. ಆದರೆ ಅವರೆಲ್ಲ ತಾವೇ ಹೋಗಿದ್ದರು. ತನ್ನ ಬದಲಿಗೆ ಇನ್ನೊಬ್ಬರ ಮಗನನ್ನು ಗುಂಡಿನ ಕೆಳಗೆ ಐವತ್ತು ಹೆಜ್ಜೆ ನಡೆಸಿದವಳು ಅದರಲ್ಲಿ ಒಬ್ಬಳೂ ಇರಲಿಲ್ಲ. ಕಾಂತಾ ಆ ವಹಿಯನ್ನು ವಡಗಾವಿಯ ಮನೆಯ ಹಿತ್ತಲಲ್ಲಿ ನೀರೊಲೆಗೆ ಹಾಕಿದಳು. ಅದರಿಂದ ಏನೂ ಆಗಲಿಲ್ಲ, ಮನಸ್ಸಿಗೆ ಒಂದಿಷ್ಟೂ ಹಗುರವಾಗಲಿಲ್ಲ.

ಪೆಟ್ಟಿಗೆ ಬಂತು. ಮೂರು ಸುತ್ತು ಗುಂಡು ಹಾರಿಸಿದರು. ಅದೇ ಬೆಳಿಗ್ಗೆ ಪತ್ರಿಕೆಯೂ ಬಂತು. ಯಾರಿಗೂ ಹೇಳದೆ, ಅವಳನ್ನೂ ಕೇಳದೆ ಶಶಿಧರ ಅವಳ ಬರಹವನ್ನು ಮುಖಪುಟದಲ್ಲಿ ಹಾಕಿದ್ದ. ಪ್ರಕಟಣೆಯಲ್ಲಿ ಊರಿನ ಹೆಸರು ಬಂದಿತ್ತಲ್ಲ, ಇನ್ನೇನು ಅಡ್ಡಿ? ಮೇಲೆ ಆ ಹೆಸರು, ಅದರ ಬಾಜು ಕಾಂತಾಳ ಹೆಸರು, ದಪ್ಪಕ್ಷರದಲ್ಲಿ. ಖಾನಾಪುರ ಬಸ್‌ ಸ್ಟ್ಯಾಂಡಿನ ಅಂಗಡಿಯಲ್ಲಿ ಸಾಲಾಗಿ ತೂಗುಹಾಕಿದ್ದರು. ಕಾಂತಾ ಎದುರಿನ ಕಟ್ಟೆಯ ಮೇಲೆ ಕುಳಿತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಗುರುತಿನ ಇಬ್ಬರು ಬಂದು, ಯುದ್ಧಕ್ಕ ಹೋಗಿ ಬಂದಿರೇನ್ರಿ ಎಂದು ಗೌರವದಿಂದ ಕೇಳಿ ಹೋದರು.

ಹನ್ನೊಂದನೆಯ ದಿನ ಮತ್ತೆ ಬಸವಣ್ಣೆವ್ವನ ಮನೆಗೆ ಹೋದಳು. ಹೇಳಿಬಿಡಬೇಕು, ಬೈಸಿಕೊಳ್ಳಬೇಕು, ಕಾಲಿಗೆ ಬೀಳಬೇಕು ಎಂದು ನಿರ್ಧಾರ ಮಾಡಿಕೊಂಡೇ ಹೋಗಿದ್ದಳು. ಬಸವಣ್ಣೆವ್ವ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಖಾನಾವಳಿಯವರು ಬೇಡವೆಂದರೂ ಕೇಳಿರಲಿಲ್ಲವಂತೆ, ಕೈ ಸುಮ್ಮನಿದ್ದರೆ ಹುಚ್ಚು ಹಿಡಿಯುತ್ತದೆ ಎಂದಳು.

‘ಅವ್ವಾರ, ಆಕಾಶ ಅವತ್ತ ಮಾತಾಡಿದ್ದು ನನ್ನ ಫೋನಿನ್ಯಾಗ ಐತ್ರಿ. ಕಡೀದು.’

ಬಸವಣ್ಣೆವ್ವ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಹತ್ತಿರ ಬಂದಳು. ಮೊದಲನೇ ಸಲ ಕೇಳಿದಾಗ ಮಾತು ಯಾವುದೂ ಅವಳ ಕಿವಿಗೆ ಹೋಗಲಿಲ್ಲ, ದನಿ ಮಾತ್ರ ಹೋಯಿತು. ‘ನಗಾಕತ್ತಾನ ನೋಡು,’ ಎಂದಳು. ಎರಡನೇ ಸಲ ಹಾಕೆಂದಳು. ಮೂರನೇ ಸಲ ಮುಗಿದ ಮೇಲೆ ಕಾಂತಾಳ ಮುಖ ನೋಡಿದಳು.

‘ಏನೋ ಹೆಸರು ಅಂತಾನಲ್ಲ. ಏನ ಕೇಳಿದ್ದಿ ನೀ ಅವಗ?’

‘ಅಂವ ಇದ್ದ ಊರಿನ ಹೆಸರ್ರಿ.’

‘ಯಾಕ?’

‘ಸುದ್ದೀ ಮ್ಯಾಲ ಬರಿಯಾಕ. ನಾನ ಹಟ ಹಿಡದ ಕೇಳಿದೆ. ಅದನ್ನ ಕಳಸಾಕಂತ ಅಂವ ಹೊರಗ ಬಂದ. ನಾ ಕೇಳದಿದ್ರ ಬರತಿದ್ದಿಲ್ಲ. ನಾನ ಕೊಂದೇನ್ರಿ ಅವ್ವಾ ನಿಮ್ಮ ಮಗನ್ನ.’

ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತು, ಇಬ್ಬರೂ ತೆಗೆಯಲಿಲ್ಲ. ಆಮೇಲೆ ಬಸವಣ್ಣೆವ್ವ ಆ ಊರಿನ ಹೆಸರು ಹೇಳಿದಳು. ಶಾಲೆಯ ಮೆಟ್ಟಿಲು ಹತ್ತದವಳು ಒಂದಕ್ಷರ ತಪ್ಪಿಲ್ಲದೆ ಹೇಳಿದಳು. ಅದನ್ನು ಇಲ್ಲಿ ಬರೆಯುವುದು ಬೇಡ.

‘ಅದ ಹೌದಲ್ಲ? ರಜಾ ಮುಗಿಸಿ ಹೋಗೂವಾಗ ಹೇಳಿದ್ದ. ಯಾರ ಮುಂದೂ ಅನಬ್ಯಾಡವಾ ಅಂದಿದ್ದ. ದಿನಾ ದೇವರ ಮುಂದ ದೀಪಾ ಹಚ್ಚಿ ಆ ಹೆಸರ ತಗೊಂಡ ಕೈ ಮುಗೀತಿದ್ದೆ.’

ಕಾಂತಾ ಸೀದ ರೊಟ್ಟಿಯನ್ನು ಹಂಚಿನಿಂದ ಕೆಳಗಿಟ್ಟಳು.

‘ಹಿಂದಿನ ದಿನ ಇಲ್ಲೇ ಕುಂತು ರೊಟ್ಟಿ ತಿಂದೀಯಲ್ಲವಾ ನೀ,’ ಎಂದಳು ಬಸವಣ್ಣೆವ್ವ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. ‘ನನ್ನ ಕೇಳಿದ್ದರ ಹೇಳತಿದ್ದೆ.’